ಮಾತು ದಾಟುತ್ತದೆ, ಕಾಗದ ದಾಟುವುದಿಲ್ಲ

ಮಳೆ ಪೂರ್ತಿ ಬಿಟ್ಟು ತೋಡಿನ (ಹಳ್ಳದ) ನೀರು ಮೊಣಕಾಲಿನಿಂದ ಕೆಳಗಿಳಿದಾಗ ಕಾಸರಗೋಡಿನ ಒಳನಾಡಿನಲ್ಲಿ 'ಕಟ್ಟ'ದ, ಅಂದರೆ ನೀರು ನಿಲ್ಲಿಸಲು ವರ್ಷವರ್ಷ ಹಾಕುವ ತಾತ್ಕಾಲಿಕ ಒಡ್ಡಿನ ಮಾತು ಶುರುವಾಗುತ್ತದೆ. ಸಾಮಾನ್ಯವಾಗಿ ಡಿಸೆಂಬರ್, ಕೆಲವು ವರ್ಷ ಜನವರಿ. ತೋಡಿಗೆ ಅಡ್ಡಲಾಗಿ ಎರಡು ಸಾಲು ಕಲ್ಲು, ನಡುವೆ ತುಳಿದು ಹದ ಮಾಡಿದ ಜೇಡಿಮಣ್ಣು, ಆಸರೆಗೆ ಅಡಿಕೆಮರದ ಕಾಂಡ, ಸಂದಿಗಳಿಗೆ ಸೊಪ್ಪು. ಹಳೆಯ ಕ್ರಮ ಇಷ್ಟೇ. ಈಗ ಹಲವು ಕಡೆ ಕಲ್ಲಿನ ಜಾಗಕ್ಕೆ ಮಣ್ಣು ತುಂಬಿದ ಪ್ಲಾಸ್ಟಿಕ್ ಗೋಣಿ, ಜೇಡಿಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಬೇಗ ಕಟ್ಟಿದರೆ ಕೊನೆಯದೊಂದು ಜೋರು ಮಳೆಗೆ ಕೊಚ್ಚಿಹೋಗುತ್ತದೆ. ತಡವಾದರೆ ಹಿಡಿದಿಡಲು ನೀರೇ ಉಳಿದಿರುವುದಿಲ್ಲ. ಜೂನ್‌ನ ಮಳೆಗೆ ಹೇಗೂ ಕಟ್ಟ ಹೋಗುತ್ತದೆ, ಹೋಗಲೇಬೇಕು. ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಕುಂಬಡಾಜೆ ಪಂಚಾಯತಿನ ಏತಡ್ಕದಂಥ ಕಡೆ ಒಂದೇ ತೋಡಿಗೆ ಸಾಲಾಗಿ ಕಟ್ಟಗಳು. ಮೇಲಿನ ಕಟ್ಟದಿಂದ ಜಿನುಗಿದ್ದು ಕೆಳಗಿನ ಕಟ್ಟಕ್ಕೆ ದಕ್ಕುತ್ತದೆ, ಕೆಳಗಿನದರ ನೀರು ಹಿಂದಕ್ಕೆ ನಿಂತು ಮೇಲಿನ ತೋಟದ ಬಾವಿಯ ಒರತೆಯನ್ನು ಹಿಡಿದಿಡುತ್ತದೆ. ನಡುವೆ ಒಂದು ಕಟ್ಟ ತಪ್ಪಿದರೆ ನಷ್ಟ ಆ ತೋಟಕ್ಕೆ ಮಾತ್ರವಲ್ಲ, ಇಬ್ಬದಿಯ ನೆರೆಕರೆಗೂ ತಾಗುತ್ತದೆ. ಆದ್ದರಿಂದ ಹವ್ಯಕ ಕನ್ನಡದ ಮನೆ, ತುಳುವಿನ ಮನೆ, ಮರಾಟಿ ಮನೆ, ಬ್ಯಾರಿ ಮನೆ, ಮಲಯಾಳದ ಮನೆ ಎಂದು ಲೆಕ್ಕ ಮಾಡುತ್ತ ಕೂತರೆ ಏಪ್ರಿಲ್‌ನಲ್ಲಿ ಅಡಿಕೆಯ ಹಿಂಗಾರ ಒಣಗುತ್ತದೆ. ಬಯ್ಯುತ್ತಲೇ ಆದರೂ ಎಲ್ಲರೂ ಬರುತ್ತಾರೆ.

ಇಂಥ ಕೆಲಸ ಕೆಡುವ ಬಗೆಗೂ ಒಂದು ಕ್ರಮ ಉಂಟು. ಮೊದಲು ಒಬ್ಬರು ಆಳಿನ ಬದಲು ದುಡ್ಡು ಕಳಿಸುತ್ತಾರೆ. ತಪ್ಪೇನಿಲ್ಲ, ವಯಸ್ಸಾಗಿರಬಹುದು, ಮಕ್ಕಳು ಊರಲ್ಲಿ ಇಲ್ಲದಿರಬಹುದು. ಮರುವರ್ಷ ಇನ್ನಿಬ್ಬರು. ಅರ್ಧಕ್ಕಿಂತ ಹೆಚ್ಚು ಮನೆಗಳಿಂದ ದುಡ್ಡೇ ಬರಲು ಶುರುವಾದರೆ ಮುಯ್ಯಾಳಿನ (ಒಬ್ಬರಿಗೊಬ್ಬರು ಆಳಾಗಿ ದುಡಿಯುವ) ಕೆಲಸ ಗುತ್ತಿಗೆಯಾಗುತ್ತದೆ. ಗುತ್ತಿಗೆಯಾದ ಮೇಲೆ "ನನ್ನ ಪಾಲು ಯಾಕೆ ಹೆಚ್ಚು" ಎಂಬ ಪ್ರಶ್ನೆ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಒಬ್ಬರು ಕೊಳವೆಬಾವಿ ತೋಡಿಸಿರುತ್ತಾರೆ, ಅವರಿಗೆ ಕಟ್ಟ ಬೇಡ. ಹೆಚ್ಚಿನ ಕಡೆ ಕಟ್ಟವನ್ನು ಮುಗಿಸಿದ್ದು ಭಾಷೆಯೂ ಅಲ್ಲ, ಜಾತಿಯೂ ಅಲ್ಲ. ಬೇರೆಯವರ ಹಂಗಿಲ್ಲದೆ ನೀರು ಸಿಗುತ್ತದೆ ಎಂಬ ಅನುಕೂಲ.

ಈ ನೆರೆಕರೆಯ ನಂಟಿಗೆ ಪುಸ್ತಕದ ಭಾಷೆಯಲ್ಲಿ ಸಾಮಾಜಿಕ ಬಂಡವಾಳ ಎನ್ನುತ್ತಾರೆ. ಶಬ್ದ ಅಷ್ಟೇನೂ ಚಂದ ಇಲ್ಲ, ಬಡ್ಡಿ ವ್ಯಾಪಾರದ ವಾಸನೆ ಬರುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಗ್ರಾಮೀಣ ಶಾಲೆಗಳ ಮೇಲ್ವಿಚಾರಕರಾಗಿದ್ದ ಎಲ್. ಜೆ. ಹ್ಯಾನಿಫನ್ 1916ರಲ್ಲಿ ಈ ಮಾತನ್ನು ಬಳಸಿದ್ದರು. ಶಾಲೆ ನಡೆಯಬೇಕಾದರೆ ಊರವರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು ಎಂಬುದು ಅವರ ಸರಳ ವಾದ. ಮುಂದೆ ಅಮೆರಿಕದ ರಾಜಕೀಯಶಾಸ್ತ್ರಜ್ಞ ರಾಬರ್ಟ್ ಪಟ್ನಂ ಇದನ್ನು ಜನಪ್ರಿಯಗೊಳಿಸಿ, ಎರಡು ಬಗೆಯ ನಂಟನ್ನು ಬೇರ್ಪಡಿಸಿ ನೋಡಿದರು. ಒಂದು ತಮ್ಮತಮ್ಮೊಳಗಿನ ಬಿಗಿ ನಂಟು. ಇನ್ನೊಂದು ತನ್ನವರಲ್ಲದವರ ಜತೆಗಿನ ನಂಟು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ತರವಾಡು (ಕುಟುಂಬದ ಮೂಲಮನೆ), ಎರಡನೆಯದು ಸಂಕ (ಕಾಲುಸೇತುವೆ). ತೋಡಿಗೆ ಅಡ್ಡ ಹಾಕಿದ ಎರಡು ಅಡಿಕೆಮರದ ಸಂಕ ಅಲುಗಾಡುತ್ತದೆ, ವರ್ಷವರ್ಷ ಬದಲಾಯಿಸಬೇಕು, ಆದರೆ ಅದಿಲ್ಲದೆ ಮಕ್ಕಳು ಶಾಲೆಗೆ ಹೋಗಲಾರರು.

ಇದೇ ಪಟ್ನಂ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹಲವರಿಗೆ ಹಿಡಿಸಲಿಲ್ಲ. ಅಮೆರಿಕದಲ್ಲಿ ವೈವಿಧ್ಯ ಹೆಚ್ಚಿರುವ ನೆರೆಕರೆಯಲ್ಲಿ ಜನ ಪರರನ್ನಷ್ಟೇ ಅಲ್ಲ, ತಮ್ಮವರನ್ನೂ ಕಡಿಮೆ ನಂಬುತ್ತಾರೆ, ಆಮೆಯ ಹಾಗೆ ತಲೆ ಒಳಗೆಳೆದುಕೊಳ್ಳುತ್ತಾರೆ ಎಂದು ಅದರಲ್ಲಿ ಕಂಡಿತ್ತು. ಇದು ಹತ್ತಿರದ ಕಾಲದ ಮಾತು, ದೀರ್ಘಕಾಲದಲ್ಲಿ ಹೊಸ ನಂಟು ಬೆಳೆಯಬಲ್ಲದು ಎಂದೂ ಅವರು ಸೇರಿಸಿದ್ದರು. ಆ ಭಾಗವನ್ನು ಯಾರೂ ಉದ್ಧರಿಸುವುದಿಲ್ಲ. ನಮಗೆ ಇದಕ್ಕಿಂತ ಹತ್ತಿರದ್ದು ರಾಜಕೀಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಅವರ ಕೆಲಸ. ಹಿಂದೂ-ಮುಸ್ಲಿಂ ಗಲಭೆ ಕೆಲವು ಊರುಗಳಲ್ಲಿ ಮಾತ್ರ ಯಾಕೆ ಎಂದು ತಿಳಿಯಲು ಅವರು ಶಾಂತವಾಗಿದ್ದ ಕೋಝಿಕ್ಕೋಡನ್ನು ಗಲಭೆಯ ಅಲಿಗಢದ ಜತೆ ಇಟ್ಟು ನೋಡಿದರು. ಹಳ್ಳಿಯಲ್ಲಿ ದಿನನಿತ್ಯದ ಒಡನಾಟವೇ ಶಾಂತಿಗೆ ಸಾಕಾಗಬಹುದು, ಊರು ದೊಡ್ಡದಾದಷ್ಟು ಹಾಗಲ್ಲ. ಅಲ್ಲಿ ಎರಡೂ ಸಮುದಾಯದವರು ಕೂಡಿ ನಡೆಸುವ ಸಂಘಗಳು ಬೇಕು, ಲೆಕ್ಕಪತ್ರ ಇರುವ, ಚುನಾವಣೆ ನಡೆಯುವ ಸಂಘಗಳು ಎಂಬುದು ಅವರ ತೀರ್ಮಾನ.

ಕಾಸರಗೋಡಿನ ಕಗ್ಗಂಟು ಇಲ್ಲೇ ಇರುವುದು. ಒಡನಾಟಕ್ಕೆ ನಮ್ಮಲ್ಲಿ ಬರ ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ದಿನಕ್ಕೆ ನಾಲ್ಕು ಸಲ ನಾಲಿಗೆ ಬದಲಿಸುವವರಿಗೆ ಅದೊಂದು ಸಾಹಸ ಅಂತಲೇ ಅನಿಸುವುದಿಲ್ಲ. ಮೀನು ಮಾರುವವರು, ಅಡಿಕೆ ಕೊಳ್ಳುವವರು ಎಲ್ಲರೂ ಎದುರಿನವರ ಮುಖ ನೋಡಿ ಭಾಷೆ ಆರಿಸುತ್ತಾರೆ. ಕಟ್ಟ ನಡೆಯುವುದೂ ಹೀಗೇ, ಬಾಯಿಮಾತಿನಲ್ಲಿ. ಅಲ್ಲಿ ಒಂದು ಚೂರು ಕಾಗದ ಇಲ್ಲ. ಕಾಗದ ಬಂದಲ್ಲಿ ಮಾತ್ರ ಸಂಕ ಮುರಿಯುತ್ತದೆ. ಸಪ್ತಭಾಷಾ ಸಂಗಮಭೂಮಿ ಎಂದು ಸ್ವಾಗತ ಭಾಷಣ ಮಾಡುವ ಸಭೆಯಲ್ಲೇ ಮಿನಿಟ್ಸ್ (ನಡಾವಳಿ) ಪುಸ್ತಕ ತೆರೆದು ನೋಡಿದರೆ ಒಂದೇ ಭಾಷೆ, ಮಲಯಾಳ. ಮಲಯಾಳ ಮಾತಾಡಬಲ್ಲ, ಆದರೆ ಆ ಲಿಪಿ ಓದಲಾರದ ಒಂದು ದೊಡ್ಡ ತಲೆಮಾರು ಚಂದ್ರಗಿರಿ ಹೊಳೆಯ ಉತ್ತರಕ್ಕೆ ಉಂಟು. ಸಭೆಯಲ್ಲಿ ಅವರು ಮಾತಾಡುತ್ತಾರೆ, ಬರೆದದ್ದಕ್ಕೆ ಸಹಿ ಹಾಕುತ್ತಾರೆ, ಏನು ಬರೆಯಲಾಗಿದೆ ಎಂದು ಓದುವುದಿಲ್ಲ. 2017ರ ಕಾಯ್ದೆಯಿಂದ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾಗಿದೆ. ಮುಂದಿನವರ ಮಾತು ಬೇರೆಯಾಗಬಹುದು. ಈಗ ಗ್ರಾಮಸಭೆಗೆ ಬರುವವರು ಅದಕ್ಕೂ ಮುಂಚಿನವರು.

ಜನಗಣತಿಯೂ ಇಲ್ಲಿ ದಾರಿ ತಪ್ಪಿಸುತ್ತದೆ. ಭಾಷಾ ಅಲ್ಪಸಂಖ್ಯಾತರ ಬಗ್ಗೆ 1956ರ ಕೇಂದ್ರದ ಜ್ಞಾಪನದಲ್ಲಿ ಒಂದು ಅಳತೆ ಉಂಟು: ಒಂದು ಪ್ರದೇಶದಲ್ಲಿ ಅಲ್ಪಸಂಖ್ಯಾತ ಭಾಷಿಕರು ಶೇಕಡಾ 15ರಿಂದ 20 ಇದ್ದರೆ ಮುಖ್ಯ ಪ್ರಕಟಣೆಗಳು ಆ ಭಾಷೆಯಲ್ಲೂ ಬರುವುದು ಒಳ್ಳೆಯದು. ಆದರೆ ಗಣತಿದಾರರು ಕೇಳುವುದು ಮಾತೃಭಾಷೆ. ತುಳುವರು ತುಳು ಎನ್ನುತ್ತಾರೆ, ಕೊಂಕಣಿಯವರು ಕೊಂಕಣಿ ಎನ್ನುತ್ತಾರೆ, ಮರಾಟಿಯವರು ಮರಾಟಿ. ಸುಳ್ಳೇನಲ್ಲ. ಆದರೆ ಈ ಎಲ್ಲರಲ್ಲೂ ಕನ್ನಡ ಶಾಲೆಗೆ ಹೋದವರು ನೋಟಿಸು ಓದುವುದು ಕನ್ನಡದಲ್ಲಿ. ಮಾತೃಭಾಷೆಯ ಅಂಕಣದಲ್ಲಿ ಕನ್ನಡ ಚಿಕ್ಕದು, ಓದುವ ಭಾಷೆಯಾಗಿ ದೊಡ್ಡದು. ವಾರ್ಡ್ ಮಟ್ಟದಲ್ಲಿ ಇದಕ್ಕೊಂದು ಪರಿಹಾರ ಇದೆ: "ನಿಮ್ಮ ಮನೆಗೆ ನೋಟಿಸು ಯಾವ ಲಿಪಿಯಲ್ಲಿ ಬೇಕು?" ಎಂಬ ಒಂದೇ ಪ್ರಶ್ನೆಯನ್ನು ಮನೆಮನೆಗೆ ಕೇಳಿ ಪಟ್ಟಿ ಮಾಡುವುದು. ನಾಲ್ಕು ಜನ, ಎರಡು ಭಾನುವಾರದ ಕೆಲಸ. ಭಾಷಾಭಿಮಾನದ ಹತ್ತು ಮನವಿಗಿಂತ ಇಂಥ ಒಂದು ಪಟ್ಟಿಯನ್ನು ಪಂಚಾಯತ್ ಕಾರ್ಯದರ್ಶಿಗೆ ತಳ್ಳಿಹಾಕುವುದು ಕಷ್ಟ.

ಒಂದು ಕಹಿ ಮಾತನ್ನೂ ಹೇಳಬೇಕು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. 1984ರ ಮೇ 24ಕ್ಕೆ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಈ ದಶಕಗಳ ಹೋರಾಟ ಕನ್ನಡಿಗರೊಳಗೆ ಗಟ್ಟಿ ನಂಟು ಬೆಳೆಸಿತು, ಸಂಘಗಳು ಹುಟ್ಟಿದವು, ಶಾಲೆಗಳು ಉಳಿದವು. ಆದರೆ ಬೆಂಗಳೂರಿಗೂ ತಿರುವನಂತಪುರಕ್ಕೂ ಮನವಿ ಬರೆಯುವುದರಲ್ಲಿ ಪಳಗಿದ ಕೈಗಳು ತಮ್ಮದೇ ವಾರ್ಡಿನ ಗ್ರಾಮಸಭೆಯಲ್ಲಿ ಕಾಣಸಿಗುವುದು ಕಡಿಮೆ. ತರವಾಡು ಗಟ್ಟಿಯಾಯಿತು, ಸಂಕ ಹಾಕುವ ಕೆಲಸ ಹಿಂದುಳಿಯಿತು.

ಅದೇ ಹೊತ್ತಿನಲ್ಲಿ ಕೇರಳ ಹಳ್ಳಿಯ ಮಟ್ಟಕ್ಕೆ ಅಧಿಕಾರ ಇಳಿಸಿತು. 1994ರ ಪಂಚಾಯತ್‌ರಾಜ್ ಕಾಯ್ದೆ, 1996ರ ಆಗಸ್ಟ್ 17ರಂದು ಆರಂಭವಾದ, ಊರವರೇ ಸೇರಿ ಯೋಜನೆ ರೂಪಿಸುವ ಜನಕೀಯ ಯೋಜನೆ, ಆಗ ರಾಜ್ಯದ ಯೋಜನಾ ಮೊತ್ತದ ಶೇಕಡಾ 35ರಿಂದ 40ರಷ್ಟು ಸ್ಥಳೀಯ ಸಂಸ್ಥೆಗಳಿಗೆ. ಕರ್ನಾಟಕದ ಓದುಗರಿಗೆ ಒಂದು ವ್ಯತ್ಯಾಸ ಹೇಳಬೇಕು: ಕೇರಳದಲ್ಲಿ ಗ್ರಾಮಸಭೆ ಎಂದರೆ ಇಡೀ ಪಂಚಾಯತಿನದ್ದಲ್ಲ, ಒಂದು ವಾರ್ಡಿನದು. ಆ ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ವಾರ್ಡ್ ಸದಸ್ಯರೇ ಸಂಚಾಲಕರು, ಅಧ್ಯಕ್ಷತೆ ಪಂಚಾಯತ್ ಅಧ್ಯಕ್ಷರದು. ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಕೋರಂ, ಅಂದರೆ ಕನಿಷ್ಠ ಹಾಜರಿ, ಮತದಾರರ ಶೇಕಡಾ 10. ಅಂದರೆ 1,200 ಮತದಾರರ ವಾರ್ಡಿನಲ್ಲಿ 120 ಮಂದಿ. ಸತತ ಎರಡು ಸಲ ಸಭೆ ಕರೆಯದ ಸದಸ್ಯರು ತಮ್ಮ ಸ್ಥಾನವನ್ನೇ ಕಳೆದುಕೊಳ್ಳಬಹುದು. ಶೇಕಡಾ 10 ಮತದಾರರು ಲಿಖಿತವಾಗಿ ಕೇಳಿದರೆ ವಿಶೇಷ ಸಭೆ ಕರೆಯಬೇಕು.

ನಡೆಯುವುದು ಹೇಗೆ? ಹೆಚ್ಚಾಗಿ ಶಾಲೆಯ ಹಾಲ್, ಮಧ್ಯಾಹ್ನದ ಮೇಲೆ. ಬರುವವರಲ್ಲಿ ಹೆಂಗಸರೇ ಹೆಚ್ಚು, ಅದರಲ್ಲೂ ಮನೆ, ಆಡು, ಗೊಬ್ಬರಕ್ಕೆ ಅರ್ಜಿ ಹಾಕಿದವರು. ತೋಟ ಇರುವವರು, ನೌಕರಿಯವರು ಬರುವುದಿಲ್ಲ, "ನಮಗೇನು ಸಿಗುವುದುಂಟು ಅಲ್ಲಿ" ಎಂದು. ವರದಿ ಓದುತ್ತಾರೆ. ಬಳಿಕ ಕೃಷಿ, ಕುಡಿಯುವ ನೀರು, ಆರೋಗ್ಯ ಎಂದು ವಿಷಯವಾರು ಗುಂಪುಗಳಾಗಿ ಕೂರಬೇಕು. ಇದೇ ಇಡೀ ಕ್ರಮದ ಜೀವ. ಕೋರಂ ಕಡಿಮೆಯಾದರೆ ಸಹಿ ಪುಸ್ತಕ ಮನೆಮನೆ ಸುತ್ತುವುದೂ ಉಂಟು, ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ಹೊತ್ತಾಯಿತೆಂದು ಗುಂಪು ಚರ್ಚೆಯನ್ನು ಬಿಟ್ಟರೆ ಸಭೆ ಬರೀ ಪಟ್ಟಿ ಓದುವ ಸಮಾರಂಭವಾಗುತ್ತದೆ. ಗುಂಪಾಗಿ ಕೂತರೆ ಮಾತ್ರ ಭಾಷೆಯ ತೊಡಕು ತನ್ನಷ್ಟಕ್ಕೆ ಸಡಿಲವಾಗುತ್ತದೆ, ಯಾಕೆಂದರೆ 15 ಜನರ ನಡುವೆ ಮೈಕ್ ಇಲ್ಲ, ತುಳುವಿನಲ್ಲೂ ಹೇಳಬಹುದು. ಮೈಕಿನ ಮುಂದೆ ತುಳು ಬಾಯಿಗೆ ಬರುವುದಿಲ್ಲ.

ಎರಡು ಲಿಪಿಯ ವಾರ್ಡಿನಲ್ಲಿ ಕೆಲಸ ಸಭೆಗಿಂತ ಹದಿನೈದು ದಿನ ಮೊದಲೇ ಶುರುವಾಗಬೇಕು. ಕಾರ್ಯಸೂಚಿ ಸಿಕ್ಕ ಕೂಡಲೇ ಕನ್ನಡ ಪ್ರತಿ ತಯಾರಿಸಿ, ಒಂದೇ ಹಾಳೆಯಲ್ಲಿ ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡ ಹಾಕಬೇಕು. ಬೇರೆಬೇರೆ ಹಾಳೆ ಮಾಡಿದರೆ ಕನ್ನಡದ್ದು ಕನ್ನಡದ ಅಂಗಡಿಯಲ್ಲೇ ಉಳಿಯುತ್ತದೆ, ಜತೆಗೆ ಎರಡರಲ್ಲೂ ಒಂದೇ ವಿಷಯ ಇದೆಯೇ ಎಂದು ಯಾರೂ ತಾಳೆ ನೋಡುವುದಿಲ್ಲ. ಮುಖ್ಯವಾಗಿ ಜಾಗದ ಹೆಸರುಗಳನ್ನು ಎರಡೂ ರೂಪದಲ್ಲಿ ಕೊಡಬೇಕು. ನೆಲ್ಲಿಕುಂಜೆ ಮತ್ತು ನೆಲ್ಲಿಕ್ಕುನ್ನ್ ಒಂದೇ ಎಂದು ಊರವರಿಗೆ ಗೊತ್ತು, ಹೊಸದಾಗಿ ಬಂದ ಗುಮಾಸ್ತರಿಗೆ ಗೊತ್ತಿಲ್ಲ. ಆಧಾರ್‌ನಲ್ಲಿ ಒಂದು, ತೆರಿಗೆ ರಶೀದಿಯಲ್ಲಿ ಇನ್ನೊಂದು ಹೆಸರಿದ್ದರೆ ಅರ್ಜಿ ಬದಿಗೆ ಬೀಳುವುದು ಇಂಥ ಚಿಕ್ಕ ಕಾರಣಕ್ಕೆ. ಪ್ರತಿ ಗುಂಪಿನಲ್ಲಿ ಎರಡೂ ಲಿಪಿ ಬಲ್ಲ ಒಬ್ಬರು ಬರಹಗಾರರಾಗಿರಲಿ. ಅವರನ್ನು ಅಲ್ಲೇ ಹುಡುಕಲು ಹೋದರೆ ಯಾರೂ ಕೈ ಎತ್ತುವುದಿಲ್ಲ, ಮೊದಲೇ ಕೇಳಿ ಒಪ್ಪಿಸಬೇಕು. ಪ್ಲಸ್ ಟು ಓದುವ ಹುಡುಗಿಯರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು.

ಕಾನೂನು ನಮ್ಮ ಕಡೆ ಇಲ್ಲ ಎಂದು ಗೊಣಗುವವರಿಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ 3ನೇ ಕಲಮು ತೋರಿಸಬೇಕು. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್, ಇಲಾಖಾ ಮುಖ್ಯಸ್ಥರು ಹಾಗೂ ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳ ಜತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸಲು ಬಿಡುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(4)ನೇ ಕಲಮಿನ ಪ್ರಕಾರ ಕಚೇರಿಗಳು ತಾವಾಗಿ ಪ್ರಕಟಿಸುವ ಮಾಹಿತಿಯಲ್ಲಿ ಸ್ಥಳೀಯ ಭಾಷೆಯನ್ನು ಗಮನಿಸಬೇಕು. ಸೋಲುವುದು ಬಳಕೆಯಲ್ಲಿ. ಕನ್ನಡದಲ್ಲಿ ಅರ್ಜಿ ಬರೆದವರು ಬೇಗ ಆಗಲಿ ಎಂದು ಮಲಯಾಳದ್ದನ್ನೂ ಲಗತ್ತಿಸುತ್ತಾರೆ, ಕಚೇರಿ ಆ ಮಲಯಾಳ ಪ್ರತಿಯನ್ನೇ ದಾಖಲಿಸುತ್ತದೆ, ಕನ್ನಡದ ಬೇಡಿಕೆ ಕಡತದಲ್ಲಿ ಹುಟ್ಟುವುದೇ ಇಲ್ಲ. ತುರ್ತು ಕೆಲಸಕ್ಕೆ ಮಲಯಾಳ ಬಳಸಿ, ಜೀವ ಮುಖ್ಯ. ತುರ್ತಿಲ್ಲದ್ದಕ್ಕೆ ಕನ್ನಡದಲ್ಲಿ ಮಾತ್ರ ಬರೆಯಿರಿ. ಮೊದಲ ಸಾಲಿನಲ್ಲೇ "1969ರ ಕಾಯ್ದೆಯ 3ನೇ ಕಲಮಿನಂತೆ ಉತ್ತರ ಕನ್ನಡದಲ್ಲಿ ಬೇಕು" ಎಂದಿರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ, ನಂಬರ್ ಹಾಕಿಸಿಕೊಳ್ಳಿ. ನಂಬರ್ ಇಲ್ಲದ ಅರ್ಜಿಯನ್ನು ಆಮೇಲೆ ಹುಡುಕಲು ದಾರಿಯಿಲ್ಲ.

ಹೆಂಗಸರ ಲೋಕದಲ್ಲಿ ಇದೇ ಕತೆ ಕುಟುಂಬಶ್ರೀಯದು, ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆಯದು. 1998ರ ಮೇ 17ರಂದು ಮಲಪ್ಪುರದಲ್ಲಿ ಶುರುವಾದ ಈ ಯೋಜನೆಗೆ ಮೂರು ಮೆಟ್ಟಿಲು: 10ರಿಂದ 20 ಮಂದಿಯ ನೆರೆಮನೆ ಗುಂಪಾದ ಅಯಲ್‌ಕೂಟ, ವಾರ್ಡಿಗೆ ಎಡಿಎಸ್ (ಏರಿಯಾ ಡೆವಲಪ್‌ಮೆಂಟ್ ಸೊಸೈಟಿ), ಪಂಚಾಯತಿಗೆ ಸಿಡಿಎಸ್ (ಕಮ್ಯುನಿಟಿ ಡೆವಲಪ್‌ಮೆಂಟ್ ಸೊಸೈಟಿ). ಒಂದು ಮನೆಯಿಂದ ಒಬ್ಬರು. ಅಯಲ್‌ಕೂಟ ನೆರೆಮನೆಗಳದ್ದು, ನೆರೆಮನೆಗಳು ಹೆಚ್ಚಾಗಿ ಒಂದೇ ಜಾತಿ, ಒಂದೇ ಭಾಷೆಯವು. ಅದರಲ್ಲಿ ತಪ್ಪಿಲ್ಲ. ವಾರವಾರ ಉಳಿತಾಯದ ದುಡ್ಡು ಕೈಯಿಂದ ಕೈಗೆ ಹೋಗುವಲ್ಲಿ ಬಿಗಿ ನಂಟೇ ಬೇಕು. ಸಂಕ ಬೇಕಾಗುವುದು ಎಡಿಎಸ್‌ನಲ್ಲಿ. ಅಲ್ಲಿಗೆ ಲೆಕ್ಕ ಬರೆಯಬಲ್ಲವರೇ ಮತ್ತೆ ಮತ್ತೆ ಹೋಗುತ್ತಾರೆ, ಲೆಕ್ಕದ ಪುಸ್ತಕ ಯಾವ ಲಿಪಿಯಲ್ಲಿದೆಯೋ ಆ ಲಿಪಿಯವರೇ ಬರೆಯಬಲ್ಲವರು. ಮುಖ್ಯ ಕಾಲಂಗಳ ಹೆಸರು, ಅಂದರೆ ಉಳಿತಾಯ, ಸಾಲ, ಮರುಪಾವತಿ, ಬಡ್ಡಿ, ಬಾಕಿ, ಇವನ್ನು ಪುಸ್ತಕದ ಮೊದಲ ಪುಟದಲ್ಲಿ ಎರಡೂ ಲಿಪಿಯಲ್ಲಿ ಅಂಟಿಸಿದರೆ ಉಳಿದದ್ದು ಅಂಕಿ. ಅಂಕಿ ಎಲ್ಲರಿಗೂ ಒಂದೇ. ಇಷ್ಟು ಮಾಡಿದರೆ ಬರೆಯುವ ಸರದಿಯನ್ನು ಆರು ತಿಂಗಳಿಗೊಮ್ಮೆ ಬದಲಿಸಬಹುದು. ಒಬ್ಬರೇ ಹತ್ತು ವರ್ಷ ಬರೆದ ಪುಸ್ತಕದ ಮೇಲೆ ಮೊದಲು ಮೂಡುವುದು ಗೌರವ, ಆಮೇಲೆ ಅನುಮಾನ.

ಯುವಕ ಮಂಡಲ, ವಾಚನಾಲಯ, ಕ್ಲಬ್ಬುಗಳಿಗೂ ಒಂದು ಮಾತು. ಮಲಬಾರ್ ಭಾಗದಲ್ಲಿ ಸಂಘ ನೋಂದಣಿಗೆ ಈಗಲೂ 1860ರ ಕಾಯ್ದೆಯೇ. ಏಳು ಜನ ಇದ್ದರೆ ಸಾಕು. ಆ ಏಳು ಹೆಸರು ಒಂದೇ ಕಟ್ಟೆಯ ಮೇಲೆ ಕೂರುವವರದ್ದಾದರೆ ಸಂಘದ ಜಾತಕ ಅಲ್ಲೇ ಬರೆದಾಯಿತು. ಉಳಿದವರನ್ನು ಆಮೇಲೆ "ಸೇರಿಸಿಕೊಂಡರೆ" ಅವರು ಅತಿಥಿಗಳು, ಮನೆಯವರಲ್ಲ. ಉದ್ದೇಶ ಬದಲಿಸಬೇಕಾದರೆ ಹತ್ತು ದಿನ ಮೊದಲೇ ಸದಸ್ಯರಿಗೆ ಲಿಖಿತ ಪ್ರಸ್ತಾವ, ವಿಶೇಷ ಸಭೆಯಲ್ಲಿ ಐದರಲ್ಲಿ ಮೂರು ಪಾಲು ಮತ, ಒಂದು ತಿಂಗಳ ಅಂತರದಲ್ಲಿ ಮತ್ತೊಂದು ಸಭೆಯ ದೃಢೀಕರಣ ಬೇಕು. ಆದ್ದರಿಂದ ಬೈಲಾವನ್ನು ಮೊದಲೇ ಎರಡು ಭಾಷೆಯಲ್ಲಿ ಬರೆದಿಡುವುದು ಒಳ್ಳೆಯದು, ವ್ಯತ್ಯಾಸ ಬಂದರೆ ಯಾವುದು ಅಂತಿಮ ಎಂಬುದನ್ನೂ ಅದರಲ್ಲೇ ಹೇಳಬೇಕು. ಮಹಾಸಭೆಯಾಗಿ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್‌ಗೆ ಕೊಡಬೇಕು. ಇದನ್ನು ಮರೆತ ಸಂಘಗಳೇ ಜಾಸ್ತಿ, ಅನುದಾನ ಬಂದ ದಿನ ನೆನಪಾಗುತ್ತದೆ.

ಎಲ್ಲ ನಂಟೂ ಅಡ್ಡಕ್ಕೇ ಹರಡಿದರೆ ಸಾಲದು, ಮೇಲಕ್ಕೂ ಏರಬೇಕು. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ವರ್ಷಗಳಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕಾಯಿಲೆಗಳ ವಿಚಿತ್ರ ಗುಂಪನ್ನು ಗಮನಿಸಿ ಬರೆದವರು ಡಾ. ವೈ. ಎಸ್. ಮೋಹನ ಕುಮಾರ್. ಅದೇ ಪಡ್ರೆಯ ಪತ್ರಕರ್ತ ಶ್ರೀಪಡ್ರೆಯವರು ಹೊರಜಗತ್ತಿಗೆ ತಿಳಿಸಿದರು. ಜಿಲ್ಲೆಯ ದಕ್ಷಿಣಕ್ಕೆ ಪೆರಿಯದಲ್ಲಿ ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ 1998ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ನ್ಯಾಯಾಲಯದಿಂದ ಸಿಂಪಡಣೆಗೆ ತಡೆ ತಂದರು. ಒಂದು ತುದಿ ಕನ್ನಡದ್ದು, ಇನ್ನೊಂದು ಮಲಯಾಳದ್ದು. ಬೇರೆಬೇರೆಯಾಗಿ ಉಳಿದಿದ್ದರೆ ಎರಡೂ ಊರಿನ ದೂರುಗಳಾಗಿ ಮುಗಿಯುತ್ತಿದ್ದವು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ಹಾಕಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಆ ಹೋರಾಟದಲ್ಲಿ ಕಾಯಿಲೆಯ ಪಟ್ಟಿ, ಮನೆಯ ಲೆಕ್ಕ, ಔಷಧಿ ಚೀಟಿ ಎಲ್ಲ ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟಬೇಕಿತ್ತು. ದಾಟಿಸಿದವರ ಹೆಸರು ಎಲ್ಲೂ ಇಲ್ಲ.

ಇನ್ನುಳಿದದ್ದು ಮಿನಿಟ್ಸ್. ಗ್ರಾಮಸಭೆ ಮುಗಿಯುವ ಹೊತ್ತಿಗೆ ಬಸ್ಸಿನ ಗಡಿಬಿಡಿ, ಖಾಲಿ ಸಾಲು ಬಿಟ್ಟು ಸಹಿ ತೆಗೆದುಕೊಂಡು "ಮತ್ತೆ ಬರೆಯುವ" ಎನ್ನುತ್ತಾರೆ. ಅದಕ್ಕೆ ಒಪ್ಪಬಾರದು. ತೀರ್ಮಾನಗಳು ಎಷ್ಟೇ ಇರಲಿ, ಕೊನೆಯ ಇಪ್ಪತ್ತು ನಿಮಿಷ ಅದಕ್ಕೇ ಮೀಸಲಿಡಬೇಕು. ನಂಬರ್ ಹಾಕಿ, ಒಂದೊಂದಾಗಿ ಮಲಯಾಳದಲ್ಲಿ ಓದಿ, ಕೂಡಲೇ ಕನ್ನಡದಲ್ಲಿ ಹೇಳಿ, ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಆಮೇಲೆ ಸಹಿ. ಆ ಪುಟದ ಫೋಟೋ ಅಂದೇ ವಾರ್ಡಿನ ವಾಟ್ಸಾಪ್ ಗುಂಪಿಗೆ ಹೋಗಲಿ, ಜತೆಗೆ ಕನ್ನಡದಲ್ಲಿ ಎರಡು ನಿಮಿಷದ ಧ್ವನಿ ಸಂದೇಶ. ಓದಲು ಬಾರದವರೂ ಕೇಳುತ್ತಾರೆ. ಮೊದಲ ಸಭೆಯಲ್ಲಿ ಇದಕ್ಕೆ ಅಸಹನೆ ಖಂಡಿತ, "ಎಲ್ಲರಿಗೂ ಮಲಯಾಳ ತಿಳಿಯುತ್ತದಲ್ಲ" ಎಂದು ಹಿಂದಿನ ಬೆಂಚಿನಿಂದ ಒಬ್ಬರು ಹೇಳಿಯೇ ಹೇಳುತ್ತಾರೆ. ತಿಳಿಯುತ್ತದೆ, ಓದಲು ಬರುವುದಿಲ್ಲ ಎಂದು ಉತ್ತರ ಕೊಟ್ಟು ಮುಂದಿನ ನಂಬರಿಗೆ ಹೋಗುವುದು.